ಅತ್ತೆ, ಸೊಸೆ ಮತ್ತು ಎಲ್ ಬೋರ್ಡು

“ಸ್ವಲ್ಪ ಆ ಕಡೆ ಸರಿಯಪ್ಪ, ಬೆಳಕಿಗೆ ಅಡ್ಡ ನಿಂತಿದ್ದೀಯ,” ಎಂದರು ಟೈಲರ್.

ಬೇಕರಿಯವನು ತನ್ನ ಹೊಟ್ಟೆಯನ್ನು ಆದಷ್ಟು ಪಕ್ಕಕ್ಕೆ ತಿರುಗಿಸಿಕೊಂಡ. ಟೈಲರ್ ಚಿಕ್ಕ ಕಾರಿನ ಹಿಂಬಾಗಿಲು ಎತ್ತಿ, ಒಳಗೆ ಮೊಣಕಾಲೂರಿ, ಅಂಗಿಗೆ ಅಳತೆ ಹಿಡಿಯುವ ಟೇಪಿನಿಂದ ಕಾರಿನ ಅಳತೆ ತೆಗೆಯುತ್ತಿದ್ದರು. ಎಪ್ಪತ್ತು ದಾಟಿದ ಮನುಷ್ಯ ಹೆಂಡತಿ ತೀರಿಕೊಂಡ ಮರುದಿನ ಬೆಳ್ಳಂಬೆಳಗ್ಗೆ ಕಾರಿನೊಳಗೆ ಹೀಗೆ ತೆವಳುತ್ತಿದ್ದರೆ ಬೇರೆ ಕಡೆ ಜನ ತಲೆಗೊಂದು ಮಾತಾಡುತ್ತಿದ್ದರು. ಆದರೆ ಆ ಅಂಗಳದಲ್ಲಿ ಸೇರಿದ್ದವರಿಗೆ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ. ಎಲ್ಲರೂ ಕತ್ತು ಉದ್ದ ಮಾಡಿ ಟೇಪನ್ನೇ ನೋಡುತ್ತಿದ್ದರು.

“ಹಿಂದಿನ ಸೀಟು ಮಡಚಿದ್ರೂ ಒಂದು ಗೇಣು ಕಮ್ಮಿ ಬೀಳುತ್ತೆ,” ಎಂದರು ಟೈಲರ್.

“ಮುಂದೆ ಪಕ್ಕದ ಸೀಟನ್ನೂ ಬಿಚ್ಚಿಬಿಡಿ, ಆರಾಮಾಗಿ ಹಿಡಿಸುತ್ತೆ,” ಎಂದಳು ನರ್ಸ್. “ನಮ್ಮ ಮೇಡಂ ಏನು ಮಹಾ ಎತ್ತರಾನಾ?”

ಮೇಡಂ ಎಂದರೆ ಟೈಲರ ಹೆಂಡತಿ. ಮನೆಯ ಮುಂದಿನ ಕೋಣೆಯಲ್ಲಿ, ಹೊಲಿಗೆ ಯಂತ್ರಗಳನ್ನು ಗೋಡೆಗೆ ಒತ್ತಿ ಮಾಡಿದ ಜಾಗದಲ್ಲಿ, ಮರದ ಪೆಟ್ಟಿಗೆಯೊಳಗೆ ಮಲಗಿದ್ದರು. ಆ ಊರಲ್ಲಿ ಸ್ಟೀರಿಂಗ್ ಹಿಡಿದವರಲ್ಲಿ ಮುಕ್ಕಾಲು ಪಾಲು ಮಂದಿ ಕಲಿತದ್ದು ಅವರ ಡ್ರೈವಿಂಗ್ ಸ್ಕೂಲಿನಲ್ಲಿ. ಸ್ಕೂಲು ಅಂದರೆ ದೊಡ್ಡ ಕಟ್ಟಡವೇನಲ್ಲ. ಈ ಅಂಗಳ, ಎರಡು ಕಾರು, ಮೇಡಂ ಕೈಯಲ್ಲಿ ಗಂಡನಿಂದ ಎರವಲು ತಂದ ಮರದ ಅಡಿಕೋಲು, ಅಷ್ಟೇ.

ಎರಡು ಕಾರಿಗೂ ಹೆಸರಿತ್ತು. ದೊಡ್ಡದು ಅತ್ತೆ, ಚಿಕ್ಕದು ಸೊಸೆ. ಅತ್ತೆ ಎಂದರೆ ಮೇಡಂ ಅವರ ಅಪ್ಪ ಬಿಟ್ಟುಹೋದ ಕಾರು, ಮೇಡಂಗಿಂತ ನಾಲ್ಕೈದು ವರ್ಷಕ್ಕಷ್ಟೇ ಚಿಕ್ಕದು. ಉಬ್ಬಿದ ಕೆನ್ನೆ, ದಪ್ಪ ತಗಡು, ಮುಂದೆ ಮಂಚದಷ್ಟು ಅಗಲದ ಒಂದೇ ಸೀಟು, ಹಿಂದೆ ಸಾಮಾನು ತುಂಬಲು ಉದ್ದಾನುದ್ದ ಜಾಗ. ಗೇರು ನೆಲದಲ್ಲಿರಲಿಲ್ಲ, ಸ್ಟೀರಿಂಗಿನ ಕತ್ತಿನಿಂದ ಪಕ್ಕಕ್ಕೆ ಚಾಚಿಕೊಂಡಿತ್ತು. ಸೊಸೆ ಬಂದದ್ದು ಎಷ್ಟೋ ಕಾಲದ ಮೇಲೆ. ಚೌಕಾಕಾರದ ಪುಟ್ಟ ಡಬ್ಬಿ, ಬೆರಳಿಂದ ಒತ್ತಿದರೆ ತಗ್ಗು ಬೀಳುವ ತಗಡು, ನೆಲದಲ್ಲಿ ಗೇರು, ಒಂದೇ ತಿರುವಿಗೆ ಎದ್ದು ಕೂರುವ ಇಂಜಿನ್ನು. ಈಗ ಅದೂ ಹಳೇ ಕಾರೇ. ದಾರಿಹೋಕರು ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತಿದ್ದರು. ಆದರೆ ಅತ್ತೆಯ ಪಕ್ಕ ನಿಂತರೆ ಸೊಸೆಗೆ ಎಂದೂ ವಯಸ್ಸಾಗಲಿಲ್ಲ.

ಎರಡರಲ್ಲೂ ಪಕ್ಕದಲ್ಲಿ ಕೂರುವವರ ಕಾಲ ಕೆಳಗೆ ಇನ್ನೊಂದು ಜೊತೆ ಪೆಡಲುಗಳಿದ್ದವು. ಮೇಡಂ ಅವರದು. ಕಲಿಯುವವರು ತಪ್ಪಿದರೆ ಅವರ ಕಾಲು ಕ್ಲಚ್ಚು ಬ್ರೇಕುಗಳ ಮೇಲೆ ಬೀಳುತ್ತಿತ್ತು.

“ಸೀಟು ಬಿಚ್ಚೋದೆಲ್ಲ ಯಾಕೆ?” ಎಂದ ಬೇಕರಿಯವನು. “ಅತ್ತೆ ಇದ್ದಾಳಲ್ಲ. ಪೆಟ್ಟಿಗೆ ಇಟ್ಟ ಮೇಲೂ ಪಕ್ಕದಲ್ಲಿ ನಾಲ್ಕು ಜನ ಕೂತು ಕಾಫಿ ಕುಡೀಬಹುದು.”

“ಎದ್ದರೆ ತಾನೆ ನಿಮ್ಮ ಅತ್ತೆ? ಮೊದಲು ಕೆಮ್ಮಬೇಕು, ಆಮೇಲೆ ಮುನಿಸು, ಆಮೇಲೆ ಹೊಗೆ. ಸ್ಮಶಾನ ಮುಟ್ಟೋದ್ರೊಳಗೆ ನಾವೂ ಮೇಡಂ ಹಿಂದೇನೇ ಹೋಗ್ತೀವಿ,” ಎಂದಳು ನರ್ಸ್.

“ಅತ್ತೇಲಿ ಕಲಿತವನು ಯಾವ ಗಾಡೀನಾದ್ರೂ ಓಡಿಸ್ತಾನಮ್ಮ. ಸೊಸೇಲಿ ಕಲಿತವರು ಸೊಸೇನ ಮಾತ್ರ ಓಡಿಸ್ತಾರೆ.”

ಅಂಗಳದಲ್ಲಿ ನಗು ಎದ್ದಿತು. ಊರಲ್ಲಿ ಇದು ಹಳೇ ಜಗಳ. ಅತ್ತೆಯಲ್ಲಿ ಕಲಿತವರದು ಅತ್ತೆ ಪಾರ್ಟಿ, ಸೊಸೆಯಲ್ಲಿ ಕಲಿತವರದು ಸೊಸೆ ಪಾರ್ಟಿ. ಎಲ್ಲಿ ಸಿಕ್ಕರೂ ಕಾಲು ಕೆರೆದುಕೊಂಡು ಶುರುಮಾಡುವರು, ಮೇಡಂ ಬಂದರೆ ಬಾಯಿ ಮುಚ್ಚುವರು. ಇವತ್ತು ಗದರಿಸಲು ಮೇಡಂ ಇಲ್ಲವೆಂಬುದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ನರ್ಸ್ ಕಣ್ಣೊರೆಸಿಕೊಂಡಳು. ಬೇಕರಿಯವನು ತನ್ನ ಕರವಸ್ತ್ರ ಕೊಟ್ಟ.

ಮಗಳು ಒಳಗಿಂದ ಬಂದಳು. ಮೇಡಂ ಮಂಚ ಹಿಡಿದ ಮೇಲೆ ಸ್ಕೂಲು ನಡೆಸುತ್ತಿದ್ದವಳು ಅವಳೇ. ಅಮ್ಮನ ಹಾಗೇ ಕುಳ್ಳಿ, ಅಮ್ಮನ ಹಾಗೇ ಒಂದು ಮಾತಿಗೆ ಎರಡನೇ ಮಾತಿಲ್ಲ.

“ಅಪ್ಪ, ಕೆಳಗಿಳೀರಿ. ಬಾಡಿಗೆ ವ್ಯಾನಿನವರಿಗೆ ಫೋನ್ ಮಾಡ್ತೀನಿ.”

“ವ್ಯಾನು ಬೇಡ ಅಂದ್ನಲ್ಲ. ಅವಳ ಕಾರಲ್ಲೇ ಹೋಗ್ಲಿ.”

“ಸರಿ, ಹಾಗಾದ್ರೆ ಯಾವುದಾದ್ರೂ ಒಂದಕ್ಕೆ ಹೂಂ ಅನ್ನಿ. ನಾನು ಓಡಿಸ್ತೀನಿ.”

ಟೈಲರ್ ಮೆಲ್ಲಗೆ ಕೆಳಗಿಳಿದು, ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡರು.

“ನೀನಲ್ಲ ಮಗಳೇ. ನಾನು ಓಡಿಸ್ತೀನಿ.”

ಊರಿಗೆಲ್ಲ ಕಾರು ಕಲಿಸಿದ ಮೇಡಂಗೆ ಕಲಿಸಲು ಆಗದೇ ಹೋದ ಒಬ್ಬನೇ ಒಬ್ಬ ಶಿಷ್ಯ ಯಾರು ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

*

ಮದುವೆಯಾದ ಹೊಸತು. ಸ್ಕೂಲಿನ ಬೋರ್ಡಿನ ಬಣ್ಣ ಇನ್ನೂ ಒಣಗಿರಲಿಲ್ಲ. ಮೊದಲ ಶಿಷ್ಯ ಗಂಡನೇ ಆಗಬೇಕೆಂದು ಮೇಡಂ ಹಟ ಹಿಡಿದು ಟೈಲರನ್ನು ಅತ್ತೆಯ ಸ್ಟೀರಿಂಗ್ ಹಿಂದೆ ಕೂರಿಸಿದರು.

ಟೈಲರಿಗೆ ಬುದ್ಧಿ ಕಮ್ಮಿಯಿರಲಿಲ್ಲ. ತೊಂದರೆ ಕೊಟ್ಟದ್ದು ಕಾಲು. ಹುಡುಗನಾಗಿದ್ದಾಗಿಂದ ಹೊಲಿಗೆ ಯಂತ್ರದ ಪೆಡಲಿನ ಮೇಲೆ ಎರಡೂ ಕಾಲನ್ನು ಒಟ್ಟಿಗೆ ಇಟ್ಟು ತೂಗಿದವರು. ಕಾಲ ಕೆಳಗೆ ಪೆಡಲು ಸಿಕ್ಕಿದ್ದೇ ತಡ, ಎರಡೂ ಪಾದ ತಾವಾಗಿಯೇ ತಾಳ ಹಾಕತೊಡಗಿದವು. ಎಡಗಾಲು ಕ್ಲಚ್ಚು ಒತ್ತಿ ಬಿಟ್ಟಿತು, ಬಲಗಾಲು ಆಕ್ಸಿಲರೇಟರು ಒತ್ತಿ ಬಿಟ್ಟಿತು. ಅತ್ತೆ ಕುಪ್ಪಳಿಸಿ ನಿಂತಳು, ಮತ್ತೆ ಕುಪ್ಪಳಿಸಿ ನಿಂತಳು. ಬೀದಿಯ ಉದ್ದಕ್ಕೂ ಹೀಗೇ ಕಪ್ಪೆಯ ಹಾಗೆ ಹೋದರು.

“ಟೈಲರೇ, ನೀವು ಕಾರು ಓಡಿಸ್ತಿಲ್ಲ, ಹೊಲೀತಿದ್ದೀರ,” ಎಂದರು ಮೇಡಂ.

ಟೈಲರಿಗೆ ನಗು ತಡೆಯಲಾಗಲಿಲ್ಲ. ನಕ್ಕದ್ದೇ ತಪ್ಪಾಯಿತು. ಹೊಸದಾಗಿ ತೆರೆದಿದ್ದ ಬೇಕರಿಯ ಮೆಟ್ಟಿಲನ್ನು ಅತ್ತೆ ಹತ್ತಿದಳು. ಮೇಡಂ ಬ್ರೇಕು ಒತ್ತದಿದ್ದರೆ ಒಲೆಯವರೆಗೂ ಹೋಗುತ್ತಿದ್ದಳು. ಒಂದು ತಟ್ಟೆ ಬನ್ನು ಬಾನೆಟ್ಟಿನ ಮೇಲೆ ಉರುಳಿತು. ಆಗ ತೆಳ್ಳಗಿದ್ದ ಬೇಕರಿಯವನು ಹೊರಗೆ ಬಂದು, ಒಂದು ಬನ್ನನ್ನು ಎತ್ತಿ ಕಿಟಕಿಯಿಂದ ಒಳಗೆ ಕೊಟ್ಟು, “ಬಿಸಿ ಇದೆ, ತಗೊಳ್ಳಿ,” ಎಂದ. ಊರು ಆ ಕತೆಯನ್ನು ವರ್ಷಗಟ್ಟಲೆ ಹೇಳಿಕೊಂಡು ನಕ್ಕಿತು. ಟೈಲರೂ ನಗುತ್ತಿದ್ದರು. ಆದರೆ ಮತ್ತೆ ಆ ಸೀಟಿನಲ್ಲಿ ಕೂರಲಿಲ್ಲ.

ಸೊಸೆಯನ್ನು ಕೊಂಡ ದಿನ ಮೇಡಂ ನೇರವಾಗಿ ಟೈಲರ ಹತ್ತಿರ ಬಂದು, ಕೀಲಿಯನ್ನು ಅರ್ಧ ಹೊಲಿದ ತೋಳಿನ ಮೇಲೆ ಇಟ್ಟರು.

“ಇದರ ಕ್ಲಚ್ಚು ಬೆಣ್ಣೆ ಥರ ಇದೆ ರೀ. ನಿಮಗೋಸ್ಕರಾನೇ ಹುಡುಕಿ ತಗೊಂಡೆ. ಬನ್ನಿ.”

“ಈ ಆರ್ಡರ್ ಒಂದು ಮುಗೀಲಿ,” ಎಂದರು ಟೈಲರ್.

ಆರ್ಡರುಗಳು ಮುಗಿಯಲಿಲ್ಲ. ಮೇಡಂ ಆಗಾಗ ಕೇಳುವುದನ್ನು ಬಿಡಲಿಲ್ಲ, ಟೈಲರ್ ನಾಳೆ ಎನ್ನುವುದನ್ನು ಬಿಡಲಿಲ್ಲ. ಸೊಸೆಯ ಸೀಟುಗಳಿಗೆ ಮಾತ್ರ ಎರಡೆರಡು ಸಲ ಹೊಸ ಬಟ್ಟೆ ಹೊಲಿದು ಹಾಕಿದರು.

*

“ತಮಾಷೆ ಮಾಡೋ ದಿನಾನಾ ಇದು ಅಪ್ಪ?” ಎಂದಳು ಮಗಳು. “ನಿಮ್ಮ ಹತ್ರ ಲೈಸೆನ್ಸೇ ಇಲ್ಲ.”

ಟೈಲರ್ ಅಂಗಿಯ ಜೇಬಿಂದ ಒಂದು ಚಿಕ್ಕ ಕಾರ್ಡು ತೆಗೆದು ತೋರಿಸಿದರು. ಕಲಿಯುವವರ ಲೈಸೆನ್ಸು. ಫೋಟೋದಲ್ಲಿ ಅವರು ಸ್ಕೂಲಿಗೆ ಸೇರಿದ ಮಗುವಿನ ಹಾಗೆ ತಲೆ ಬಾಚಿಕೊಂಡಿದ್ದರು.

“ನಾನೇ ಕರ್ಕೊಂಡು ಹೋಗಿ ಮಾಡಿಸಿದ್ದು,” ಎಂದ ಗೇಟಿನ ಹತ್ತಿರ ನಿಂತಿದ್ದ ಟ್ರಾಫಿಕ್ ಪೊಲೀಸು. ಅವನೂ ಸೊಸೆಯಲ್ಲಿ ಕಲಿತವನು. “ಮೇಡಂ ಮಂಚದಲ್ಲಿ ಮಲಗೇ ಆರ್ಡರ್ ಕೊಟ್ರು. ಏನೋ ಆಸೆ, ತಮಾಷೆ ಅಂದ್ಕೊಂಡೆ. ಮಾಡಿಸಿಕೊಟ್ಟೆ.”

“ಹಾಗಾದ್ರೆ ಇವರು ಓಡಿಸಬಹುದಾ?”

“ಎಲ್ ಬೋರ್ಡು ಹಾಕ್ಬೇಕು. ಪಕ್ಕದಲ್ಲಿ ಲೈಸೆನ್ಸ್ ಇರೋರು ಕೂತಿರ್ಬೇಕು. ಸೊಸೇದು ಪಕ್ಕದ ಸೀಟು ಬಿಚ್ಚಿದ್ರೆ ಕೂರೋಕೆ ಜಾಗ ಎಲ್ಲಿ? ಹಾಗಾಗಿ ಅದು ಆಗಲ್ಲ.”

ಸೊಸೆ ಪಾರ್ಟಿಯವರ ಮುಖ ಇಷ್ಟಗಲ ಇದ್ದದ್ದು ಇಷ್ಟೇ ಇಷ್ಟಾಯಿತು. ಅತ್ತೆ ಪಾರ್ಟಿಯವರೂ ಖುಷಿಪಡಲಿಲ್ಲ. ಸೊಸೆಯನ್ನೇ ಓಡಿಸಲು ಬಾರದ ಮನುಷ್ಯ ಅತ್ತೆಯನ್ನು ಓಡಿಸುವುದೆಂದರೇನು? ಅವಳ ಸ್ಟೀರಿಂಗು ತಿರುಗಿಸಿದರೆ ರಟ್ಟೆ ನೋಯುತ್ತದೆ. ಗೇರು ಬೀಳಬೇಕಾದರೆ ಕ್ಲಚ್ಚನ್ನು ಎರಡು ಸಲ ಒತ್ತಿ ಪುಸಲಾಯಿಸಬೇಕು. ಸ್ಮಶಾನದ ದಾರಿಯಲ್ಲಿ ದಿಬ್ಬ ಬೇರೆ ಇದೆ.

“ಟೈಲರೇ, ನನ್ನ ಮೆಟ್ಟಿಲು ಈಗ ಕಲ್ಲಿಂದು, ನೆನಪಿರಲಿ,” ಎಂದ ಬೇಕರಿಯವನು. ಯಾರೂ ನಗಲಿಲ್ಲ, ಟೈಲರೊಬ್ಬರೇ ನಕ್ಕರು.

ಮಗಳು ಅಪ್ಪನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಪೆಟ್ಟಿಗೆಯ ಹತ್ತಿರ ನಿಂತು ತಗ್ಗಿದ ದನಿಯಲ್ಲಿ ಮಾತಾಡಿದಳು.

“ಅಪ್ಪ, ನಾನು ನೇರ ಹೇಳ್ತೀನಿ. ದಾರಿ ಮಧ್ಯ ಕಾರು ನಿಂತು, ಅಮ್ಮ ಹಿಂದೆ ಪೆಟ್ಟಿಗೇಲಿ, ಊರೆಲ್ಲ ನೋಡ್ತಾ... ನಿಮ್ಮನ್ನ ಆ ಸ್ಥಿತೀಲಿ ನೋಡೋಕೆ ನನ್ನ ಕೈಲಿ ಆಗಲ್ಲ.”

“ನಿಂತರೆ ಮತ್ತೆ ಸ್ಟಾರ್ಟ್ ಮಾಡ್ತೀನಿ.”

“ಅದೂ ಅತ್ತೇನ?”

“ಅತ್ತೆ ಗೇರೇ ನನ್ನ ಕೈಗೆ ಬರೋದು. ನಿಮ್ಮಮ್ಮ ಅದನ್ನೇ ಹೇಳಿಕೊಟ್ಟಿದ್ದಾಳೆ. ಸೊಸೇಲಿ ಅಳತೆ ತೆಗೆದಿದ್ದು ಅವಳ ಪಾರ್ಟಿಯವರ ಸಮಾಧಾನಕ್ಕೆ.”

“ಯಾವಾಗ? ಅಮ್ಮ ಮಂಚದಿಂದ ಇಳಿದು ಯಾವ ಕಾಲವಾಯ್ತು?”

“ಮಂಚದಲ್ಲೇ,” ಎಂದರು ಟೈಲರ್.

*

ಮಗಳು ಶಿಷ್ಯರನ್ನು ಕರೆದುಕೊಂಡು ಹೊರಟ ಮೇಲೆ, ಮಧ್ಯಾಹ್ನ, ಮನೆಯಲ್ಲಿ ಇಬ್ಬರೇ ಇರುತ್ತಿದ್ದರು. ಟೈಲರ್ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಗುಂಡಿ ಹೊಲಿಯುತ್ತಿದ್ದರು. ಒಂದು ದಿನ ಮೇಡಂ ಅವರ ಕಾಲನ್ನೇ ನೋಡುತ್ತಾ ಮಲಗಿದ್ದವರು ಕೇಳಿದರು:

“ರೀ ಟೈಲರೇ, ಈಗ ನಿಮ್ಮ ಯಂತ್ರ ಕರೆಂಟಿಂದು ಅಲ್ವಾ?”

“ಹೂಂ. ಆಗಲೇ ಎಷ್ಟೋ ವರ್ಷ ಆಯ್ತು.”

“ಹಾಗಾದ್ರೆ ಕಾಲು ತೂಗೋ ಚಟ ಹೋಗಿರ್ಬೇಕು. ನನ್ನ ಚಪ್ಪಲಿ ತನ್ನಿ.”

ಮೇಡಂ ಚಪ್ಪಲಿಗಳನ್ನು ನೆಲದ ಮೇಲೆ ಇಡಿಸಿದರು. ಎಡಗಡೆಯದು ಕ್ಲಚ್ಚು, ನಡುವಿನದು ಬ್ರೇಕು. ಆಕ್ಸಿಲರೇಟರಿಗೆ ಟೈಲರ ಚಪ್ಪಲಿ ಒಂದು ಬಂತು. ಊಟದ ತಟ್ಟೆ ಸ್ಟೀರಿಂಗಾಯಿತು. ಗೇರಿಗೆ ಏನೂ ಸಿಗಲಿಲ್ಲ. ಮೇಡಂ ತಮ್ಮ ಕೈಯನ್ನೇ ಮಂಚದಿಂದ ಅಡ್ಡಕ್ಕೆ ಚಾಚಿದರು.

“ಹಿಡ್ಕೊಳ್ಳಿ. ಅತ್ತೆ ಗೇರು ಹೀಗೇ ಇರೋದು. ಒಂದನೇದು, ನಿಮ್ಮ ಕಡೆ ಎಳೆದು ಕೆಳಗೆ. ಎರಡನೇದು, ಆ ಕಡೆ ತಳ್ಳಿ ಮೇಲೆ. ಮೂರನೇದು, ಹಾಗೇ ಸೀದಾ ಕೆಳಗೆ. ಎಳೀಬೇಡಿ ರೀ, ಕೇಳಿ. ಮದುವೆ ದಿನ ನನ್ನ ಕೈ ಹಿಡಿದ ಹಾಗೆ ಹಿಡೀರಿ.”

“ಆವತ್ತು ನನ್ನ ಕೈ ನಡುಗ್ತಿತ್ತು.”

“ಇವತ್ತೂ ನಡುಗ್ತಿದೆ. ಪರವಾಗಿಲ್ಲ.”

ದಿನಾ ಪಾಠ ನಡೆಯಿತು. ಮೇಡಂ ಕಣ್ಣು ಮುಚ್ಚಿಕೊಂಡು ಊರಿನ ಬೀದಿಗಳನ್ನು ಹೇಳುತ್ತಿದ್ದರು. ಈಗ ಬೇಕರಿ ಬಂತು, ನಿಧಾನ. ಈಗ ಆಸ್ಪತ್ರೆ ತಿರುವು, ಎರಡನೇ ಗೇರು. ಟೈಲರ್ ತಟ್ಟೆ ತಿರುಗಿಸುತ್ತಾ, ಚಪ್ಪಲಿ ಒತ್ತುತ್ತಾ, ಆ ಮಣಿಕಟ್ಟನ್ನು ಎಳೆದು, ತಳ್ಳಿ, ಇಳಿಸುತ್ತಿದ್ದರು. ಕೈ ದಿನದಿನಕ್ಕೂ ಹಗುರವಾಗುತ್ತಾ ಬಂತು. ಟೈಲರಿಗೆ ಅದು ಗೊತ್ತಾಗುತ್ತಿತ್ತು. ಆದರೂ ಪಾಠ ತಪ್ಪಿಸಲಿಲ್ಲ.

ಒಂದು ದಿನ ಮೇಡಂ ಹೇಳಿದರು: “ಜೀವನಪೂರ್ತಿ ಬೇರೆಯವರ ಪಕ್ಕ ಕೂತು ಬ್ರೇಕಿನ ಮೇಲೆ ಕಾಲಿಟ್ಟೇ ಕಳೆದೆ. ಒಂದು ಸಲ ನೀವು ಓಡಿಸಿ, ನಾನು ಸುಮ್ನೆ ಕೂತ್ಕೋತೀನಿ. ಯಾರೂ ಪಕ್ಕದಿಂದ ಬ್ರೇಕ್ ಒತ್ತಬಾರದು. ನನ್ನ ಕಾಲಿಗೆ ಒಂದು ದಿನ ರಜ ಬೇಕು ರೀ.”

“ಕರ್ಕೊಂಡು ಹೋಗ್ತೀನಿ,” ಎಂದರು ಟೈಲರ್. ಆ ಸಲ ನಾಳೆ ಎನ್ನಲಿಲ್ಲ.

*

ಎಲ್ಲ ಕೇಳಿಸಿಕೊಂಡು ಮಗಳು ಅಮ್ಮನ ಮುಖ ನೋಡಿದಳು. ಆಮೇಲೆ ಮೊಳೆಗೆ ನೇತುಹಾಕಿದ್ದ ಅತ್ತೆಯ ಕೀಲಿಯನ್ನು ತೆಗೆದು ಅಪ್ಪನ ಕೈಗೆ ಕೊಟ್ಟಳು.

“ಚೋಕ್ ಗುಂಡಿ ಪೂರ್ತಿ ಎಳೀರಿ. ಕೆಮ್ಮಿದ ತಕ್ಷಣ ಅರ್ಧ ಒಳಗೆ ತಳ್ಳಿ,” ಎಂದಳು.

ಅತ್ತೆ ಕೆಮ್ಮಿದಳು, ಮುನಿಸಿಕೊಂಡಳು, ಹೊಗೆಬಿಟ್ಟಳು, ಎದ್ದಳು. ಪೆಟ್ಟಿಗೆಯನ್ನು ಬೇಕರಿಯವನೂ ಪೊಲೀಸನೂ ಇನ್ನಿಬ್ಬರೂ ಎತ್ತಿ ಹಿಂದೆ ಇಟ್ಟರು, ಎರಡು ಪಕ್ಕಕ್ಕೂ ಹೂವು ಇಟ್ಟರು. ನರ್ಸ್ ಒಳಗಿಂದ ಎಲ್ ಬೋರ್ಡು ತಂದು, ಹಿಂಬಾಗಿಲಿಗೆ ಹಾಕಿದ್ದ ಹೂವಿನ ಹಾರದ ಕೆಳಗೆ ಕಾಣುವ ಹಾಗೆ ಕಟ್ಟಿದಳು.

“ಮೇಡಂ ಜೊತೆ ನನ್ನ ಮೊದಲನೇ ಪಾಠ ಏನು ಗೊತ್ತಾ?” ಎಂದಳು ಗಂಟು ಬಿಗಿಯುತ್ತಾ. “ಗೇರಲ್ಲ, ಕ್ಲಚ್ಚಲ್ಲ.”

“ನನಗೂ ಅದೇ,” ಎಂದ ಬೇಕರಿಯವನು. “ಮುಂದೆ ಎಲ್ ಬೋರ್ಡಿನ ಗಾಡಿ ನಿಂತರೆ ಎರಡೂ ಕೈ ತೊಡೆ ಮೇಲೆ. ನಾನು ಒಂದು ಸಲ ಹಾರ್ನ್ ಒತ್ತಿ ಅಡಿಕೋಲಿನ ಏಟು ತಿಂದೆ. ಇಲ್ಲಿ ನೋಡು, ಈ ಬೆರಳು.”

“ನನಗೆ ಎರಡು ಬಿದ್ದಿದೆ,” ಎಂದ ಪೊಲೀಸು ಹೆಮ್ಮೆಯಿಂದ.

ಹೊರಟರು. ಮುಂದೆ ಟೈಲರ್ ಓಡಿಸುವ, ಪಕ್ಕದಲ್ಲಿ ಮಗಳು ಕೂತ ಅತ್ತೆ, ಅದರ ಹಿಂದೆ ನರ್ಸ್ ಓಡಿಸುವ ಸೊಸೆ, ಅದರ ಹಿಂದೆ ಬೇಕರಿಯ ವ್ಯಾನು, ಅದರ ಹಿಂದೆ ಊರಿನ ಕಾರುಗಳ ಸಾಲು. ಗೇಟು ದಾಟುವಾಗ ಅತ್ತೆ ಎರಡು ಸಲ ಕುಪ್ಪಳಿಸಿದಳು. ಟೈಲರ್ ಹಲ್ಲು ಕಚ್ಚಿ ಹಿಡಿದರು. ಮಗಳ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು, ಅವಳು ವಾಪಸ್ಸು ತೆಗೆದುಕೊಂಡಳು. ಬೇಕರಿಯ ಮೆಟ್ಟಿಲು ಬಂತು, ಹೋಯಿತು. ಹಿಂದಿನ ವ್ಯಾನಿನಲ್ಲಿ ಬೇಕರಿಯವನು ದೇವರನ್ನು ನೆನೆದಿರಬೇಕು. ಆಸ್ಪತ್ರೆ ತಿರುವಿನಲ್ಲಿ ಟೈಲರ್ ಎರಡನೇ ಗೇರು ಹಾಕಿದಾಗ ಕಿರ್ರೆಂಬ ಸದ್ದೂ ಬರಲಿಲ್ಲ. ಮಗಳು ಅಪ್ಪನ ಕೈ ನೋಡಿದಳು. ಆ ಗೇರನ್ನು ಹಾಗೆ ಹಿಡಿಯುವವರನ್ನು ಅವಳು ಕಂಡಿರಲಿಲ್ಲ. ಮುಷ್ಟಿಯಲ್ಲಲ್ಲ, ನಾಡಿ ನೋಡುವವರ ಹಾಗೆ, ನಾಲ್ಕು ಬೆರಳಲ್ಲಿ.

ದಿಬ್ಬ ಬಂತು. ಅರ್ಧ ಹತ್ತಿದ್ದಾಗ ಅತ್ತೆ ನಡುಗಿ, ಒಮ್ಮೆ ನಿಟ್ಟುಸಿರು ಬಿಟ್ಟು, ನಿಂತುಬಿಟ್ಟಳು.

ಟೈಲರ್ ಮತ್ತೆ ಸ್ಟಾರ್ಟ್ ಮಾಡಿದರು. ಕ್ಲಚ್ಚು ಬಿಟ್ಟದ್ದು ಜಾಸ್ತಿಯಾಯಿತು, ಮತ್ತೆ ನಿಂತಿತು. ಹಣೆಯ ಬೆವರು ಕಣ್ಣಿಗಿಳಿಯಿತು. ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರಿಗೆ ಹೋಗುವಷ್ಟರಲ್ಲಿ ಕಾರು ಹಿಂದಕ್ಕೆ ಜಾರತೊಡಗಿತು. ಕೈಬ್ರೇಕು ಹಳೇದು, ಅತ್ತೆಯ ಭಾರವನ್ನು ತಡೆಯುವ ಶಕ್ತಿ ಅದಕ್ಕಿರಲಿಲ್ಲ. ಮಗಳ ಪಾದದ ಕೆಳಗೇ ಅಮ್ಮನ ಬ್ರೇಕಿತ್ತು. ಅಮ್ಮನ ಪಾದ ಸವೆಸಿ ಸವೆಸಿ ಅದು ಬೆಳ್ಳಗೆ ಹೊಳೆಯುತ್ತಿತ್ತು. ಒಂದು ಸಲ ಒತ್ತಿದರೆ ಮುಗಿಯಿತು.

ಅವಳು ಚಪ್ಪಲಿ ಕಳಚಿ, ಎರಡೂ ಕಾಲನ್ನು ಸೀಟಿನ ಮೇಲೆ ಎತ್ತಿ ಮಡಚಿಕೊಂಡು ಕುಳಿತಳು.

“ನಿಧಾನ ಅಪ್ಪ,” ಎಂದಳು. “ನಮಗೇನೂ ಅವಸರವಿಲ್ಲ.”

ಹಿಂದೆ ಸೊಸೆಯಲ್ಲಿ ನರ್ಸ್ ಅತ್ತೆ ಜಾರಿ ಬರುವುದನ್ನು ನೋಡಿದಳು. ಹಾರ್ನ್ ಒತ್ತಲಿಲ್ಲ. ಬ್ರೇಕನ್ನು ಮಾತ್ರ ಬಲವಾಗಿ ಒತ್ತಿ ಹಿಡಿದಳು. ಅತ್ತೆಯ ದಪ್ಪ ಬಂಪರು ಬಂದು ಸೊಸೆಯ ಮೂತಿಗೆ ತಗುಲಿತು. ತೆಳು ತಗಡು ಟಪ್ಪೆಂದು ಒಳಕ್ಕೆ ಹೋಯಿತು. ಆದರೆ ಸೊಸೆ ಒಂದು ಬೆರಳಷ್ಟೂ ಹಿಂದಕ್ಕೆ ಸರಿಯಲಿಲ್ಲ. ಅತ್ತೆ ಅವಳಿಗೆ ಒರಗಿ ನಿಂತಳು.

ಈಗ ಜಾರುವ ಭಯವಿರಲಿಲ್ಲ. ಟೈಲರ್ ಕ್ಲಚ್ಚು ಒತ್ತಿ ಮತ್ತೆ ಸ್ಟಾರ್ಟ್ ಮಾಡಿದರು. ಮಗಳು ಕನ್ನಡಿಯಲ್ಲಿ ನೋಡಿದಳು. ದಿಬ್ಬದ ಬುಡದವರೆಗೂ, ಅದರಾಚೆ ತಿರುವಿನವರೆಗೂ ಕಾರುಗಳು. ಒಂದರಿಂದಲೂ ಸದ್ದಿಲ್ಲ. ಗಾಜಿನ ಹಿಂದೆ ಕಾಣುವಷ್ಟು ದೂರವೂ ಯಾರ ಕೈಯೂ ಸ್ಟೀರಿಂಗಿನ ಮೇಲಿರಲಿಲ್ಲ. ನರ್ಸಿನ ಕೈ ತೊಡೆಯ ಮೇಲಿತ್ತು. ಬೇಕರಿಯವನ ಕೈ, ಹೊಟ್ಟೆ ಅಡ್ಡವಿದ್ದರೂ, ತೊಡೆಯ ಮೇಲೇ ಇದ್ದಿರಬೇಕು.

“ನನ್ನ ಕಡೆ ಎಳೆದು, ಕೆಳಗೆ,” ಎಂದು ಟೈಲರ್ ಹಿಂದಿನ ಪೆಟ್ಟಿಗೆಗೆ ಕೇಳುವಷ್ಟು ದನಿಯಲ್ಲಿ ಹೇಳಿಕೊಂಡರು. ಗೇರು ಬಿತ್ತು. ಅತ್ತೆ ಒಮ್ಮೆ ಕುಪ್ಪಳಿಸಿ ಸೊಸೆಯಿಂದ ಬಿಡಿಸಿಕೊಂಡಳು, ಇನ್ನೊಮ್ಮೆ ಕುಪ್ಪಳಿಸಿದಳು, ಆಮೇಲೆ ಗುರುಗುಡುತ್ತಾ ದಿಬ್ಬ ಹತ್ತತೊಡಗಿದಳು.

ಹಿಂದಿದ್ದವರು ಯಾರೂ ಅಲುಗಾಡಲಿಲ್ಲ. ಹೂವಿನ ಹಾರದ ಕೆಳಗಿನ ಎಲ್ ಬೋರ್ಡು ದಿಬ್ಬದ ನೆತ್ತಿ ದಾಟಿ ಕಣ್ಮರೆಯಾಯಿತು. ಆಮೇಲೆ ಮೊದಲು ಸೊಸೆಯಲ್ಲಿ, ನಂತರ ಬೇಕರಿಯ ವ್ಯಾನಿನಲ್ಲಿ, ಹಾಗೇ ಸಾಲಿನ ಕೊನೆಯವರೆಗೂ, ಒಂದೊಂದಾಗಿ ಕೈಗಳು ತೊಡೆಯಿಂದ ಮೇಲೆದ್ದವು.